ಗಾಯದ ಬಟ್ಟೆಯಲ್ಲಿರುವ ಕಾಳನ್ನು ನೋಡಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು;
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಆರೋಗ್ಯಾಧಿಕಾರಿಗಳು

ಮಾನ್ಯರೇ,

ಕುಷ್ಠರೋಗ ಪತ್ತೆ ಅಭಿಯಾನ ಬಂದಾಗ ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆ ಹತ್ತಿ ಇಳಿಯುತ್ತಾರೆ. ಮೈಮೇಲೆ ತಿಳಿಬಣ್ಣದ ಮಚ್ಚೆ ಇದೆಯೇ, ಅಲ್ಲಿ ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ವಿಚಾರಿಸಿ ನಮೂನೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಆ ನಮೂನೆಗೆ ಇನ್ನೊಂದು ಪ್ರಶ್ನೆ ಸೇರಿಸಿ ಎಂದು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಪ್ರಶ್ನೆ ಇಷ್ಟೇ: ಪಾದದಲ್ಲಾಗಲಿ ಕೈಯಲ್ಲಾಗಲಿ ನೋವಿಲ್ಲದ ಬಾವು ಇದ್ದು, ಅದರ ಮೇಲಿನ ತೂತುಗಳಿಂದ ಕೀವಿನ ಜೊತೆ ಸಣ್ಣ ಕಾಳುಗಳು ಬೀಳುತ್ತಿವೆಯೇ?

ಹೌದು ಎಂಬ ಉತ್ತರ ಬಂದರೆ ಮೊದಲು ಸಂಶಯ ಪಡಬೇಕಾದದ್ದು ಮೈಸಿಟೋಮಾ ಎಂಬ ಕಾಯಿಲೆಯನ್ನು. ವೈದ್ಯರ ಬಾಯಲ್ಲಿ ಅದಕ್ಕೆ ಮದುರಾ ಪಾದ ಎಂಬ ಹಳೆಯ ಹೆಸರೂ ಉಳಿದಿದೆ. ಅದು ವಿರಳ ಕಾಯಿಲೆ ಎಂದು ಯಾರಾದರೂ ಹೇಳಿದರೆ ನಾನು ತಕರಾರು ಮಾಡುವುದಿಲ್ಲ. ಆದರೆ ವಿರಳ ಎಂಬುದು ಎಣಿಸಿ ನೋಡಿದ ಮೇಲೆ ಆಡಬೇಕಾದ ಮಾತು. ಕ್ಷಯ, ಕುಷ್ಠ, ಮಲೇರಿಯಾ, ಆನೆಕಾಲು ರೋಗಗಳಿಗೆ ಇರುವಂತಹ ರಾಷ್ಟ್ರೀಯ ಕಾರ್ಯಕ್ರಮ ಇದಕ್ಕಿಲ್ಲ. ಕಾರ್ಯಕ್ರಮವಿಲ್ಲದ ಕಾಯಿಲೆಗೆ ನಮೂನೆ ಇರುವುದಿಲ್ಲ, ನಮೂನೆ ಇಲ್ಲದ ಕಾಯಿಲೆಗೆ ಲೆಕ್ಕ ಇರುವುದಿಲ್ಲ, ಲೆಕ್ಕವಿಲ್ಲದ ಕಾಯಿಲೆಗೆ ಹಣ ಬರುವುದಿಲ್ಲ. ಸರ್ಕಾರಿ ಕೆಲಸದಲ್ಲಿ ಬದುಕು ಕಳೆದವನಿಗೆ ಈ ಸರಪಳಿ ಚೆನ್ನಾಗಿ ಗೊತ್ತು.

ನಾನು ವೈದ್ಯನಲ್ಲ. ಸರ್ಕಾರಿ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಕಫ, ರಕ್ತ, ಮೂತ್ರ ಪರೀಕ್ಷೆ ಮಾಡುತ್ತ ನಿವೃತ್ತನಾಗಿ, ಈಗ ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ಹೊಲ ನೋಡಿಕೊಂಡಿದ್ದೇನೆ. ಸೂಕ್ಷ್ಮದರ್ಶಕದ ಮುಂದೆ ಕುಳಿತವನಿಗೆ ಕಂಡದ್ದು, ಆಮೇಲೆ ಓದಿ ತಿಳಿದದ್ದು ಇಲ್ಲಿದೆ. ಔಷಧಗಳ ಹೆಸರು ಬಂದಲ್ಲಿ ಅದನ್ನು ಚೀಟಿ ಎಂದು ಯಾರೂ ಮೆಡಿಕಲ್ ಅಂಗಡಿಗೆ ಒಯ್ಯಬಾರದು.

ಕಾಯಿಲೆ ಶುರುವಾಗುವುದು ನಮ್ಮಲ್ಲಿ ದಿನವೂ ನಡೆಯುವ ಸಂಗತಿಯಿಂದ. ಕಾಲಿಗೆ ಮುಳ್ಳು ಚುಚ್ಚುತ್ತದೆ. ಚಿಮಟದಿಂದ ಕಿತ್ತು, ಎಕ್ಕದ ಹಾಲು ಹಚ್ಚಿ, ಮತ್ತೆ ಕೆಲಸಕ್ಕೆ ನಿಲ್ಲುತ್ತಾರೆ. ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿ ಮುಳ್ಳಿನ ಜೊತೆ ಚರ್ಮದಡಿ ಸೇರಿಕೊಂಡಿದ್ದರೆ, ತಿಂಗಳುಗಳು ಕಳೆದ ಮೇಲೆ, ಕೆಲವರಲ್ಲಿ ವರ್ಷಗಳು ಕಳೆದ ಮೇಲೆ, ಆ ಜಾಗದಲ್ಲಿ ಗಟ್ಟಿಯಾದ ಗಂಟು ಏಳುತ್ತದೆ. ಅದು ನೋಯುವುದಿಲ್ಲ. ನೋವಿಲ್ಲದ ಗಂಟಿಗೆ ಕೂಲಿ ಕಳೆದುಕೊಂಡು ಆಸ್ಪತ್ರೆಗೆ ಹೋಗುವವರು ಯಾರಿದ್ದಾರೆ? ಗಂಟು ಹರಡಿ ಪಾದ ಊದಿಕೊಳ್ಳುತ್ತದೆ. ತೂತು ಬೀಳುತ್ತದೆ, ಮುಚ್ಚುತ್ತದೆ, ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಆ ತೂತಿನಿಂದ ಕೀವಿನೊಡನೆ ಕಸಕಸೆಯಂತಹ ಕಾಳುಗಳು ಬರುತ್ತವೆ, ಕಪ್ಪು, ಬಿಳಿ, ಹಳದಿ ಅಥವಾ ಕೆಂಪು ಬಣ್ಣದವು. ಬಾವು, ತೂತು, ಕಾಳು, ಈ ಮೂರೂ ಒಟ್ಟಿಗೆ ಕಂಡರೆ ಮೈಸಿಟೋಮಾ ಎಂಬುದು ವೈದ್ಯ ವಿದ್ಯಾರ್ಥಿಗಳ ಪಠ್ಯದಲ್ಲೇ ಇದೆ.

ಒಂದೊಂದು ಕಾಳೂ ಜೀವಿಯ ಒಂದು ವಸಾಹತು. ಎಳೆಗಳು ಒತ್ತಾಗಿ ಹೆಣೆದುಕೊಂಡು ಉಂಡೆಯಾಗಿರುತ್ತವೆ. ಕಪ್ಪು ಕಾಳಿನ ಶಿಲೀಂಧ್ರವಂತೂ ತನ್ನ ಸುತ್ತ ಸಿಮೆಂಟಿನಂತಹ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ದೇಹದ ರಕ್ಷಣಾ ಕೋಶಗಳು ಅದನ್ನು ಮುತ್ತಿಕೊಂಡರೂ ಒಳಗೆ ನುಗ್ಗಲಾರವು, ಔಷಧವೂ ಕಷ್ಟಪಟ್ಟೇ ಇಳಿಯಬೇಕು. ಕೊನೆಗೆ ಅದು ಮೂಳೆಗೆ ಇಳಿಯುತ್ತದೆ. ಮೂಳೆ ಸವೆದು ಅಲ್ಲಲ್ಲಿ ಪೊಳ್ಳಾದ ಮೇಲೂ ಮನುಷ್ಯ ಅದೇ ಕಾಲಿನಲ್ಲಿ ನಡೆಯುತ್ತಲೇ ಇರುತ್ತಾನೆ. ಇನ್ನೊಂದು ಮಾತು ಸ್ಪಷ್ಟವಾಗಿರಲಿ: ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ವಾಸನೆಯ ಕಾರಣಕ್ಕೆ ಕಾಯಿಲೆಯವರ ತಟ್ಟೆ, ಹಾಸಿಗೆ ಬೇರೆ ಮಾಡುವ ಮನೆಗಳಿವೆ. ಅದರ ಅಗತ್ಯವಿಲ್ಲ ಎಂದು ಹೇಳುವವರು ಊರಿಗೆ ಬರಬೇಕಾಗಿದೆ.

ಈ ಕಾಯಿಲೆಯ ವೈದ್ಯಕೀಯ ಚರಿತ್ರೆಯ ಬಹುಭಾಗ ನಡೆದದ್ದು ಭಾರತದ ನೆಲದಲ್ಲಿ. ಅದನ್ನು ನೆನಪಿಸದೆ ನನ್ನ ಬೇಡಿಕೆ ಪೂರ್ತಿಯಾಗುವುದಿಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವಲ್ಮೀಕ ಎಂಬ ರೋಗದ ಲಕ್ಷಣ ಬರುತ್ತದೆ: ಅಂಗೈ, ಅಂಗಾಲು, ಸಂದು, ಕುತ್ತಿಗೆಗಳಲ್ಲಿ ಹುತ್ತದ ಹಾಗೆ ನಿಧಾನವಾಗಿ ಬೆಳೆದು ಸೋರುವ ಗಂಟು. ಅದು ಇದೇ ಎಂದು ಪ್ರಮಾಣ ಮಾಡಿ ಹೇಳಲು ಬಾರದು, ಆದರೆ ಇಂತಹ ಕಾಲನ್ನು ಕಣ್ಣಾರೆ ಕಂಡವರಿಗೆ ಆ ವರ್ಣನೆ ಗುರುತು ಸಿಗುತ್ತದೆ. ಆಧುನಿಕ ವೈದ್ಯರ ದಾಖಲೆ ಶುರುವಾಗುವುದು 1842ರಲ್ಲಿ, ಮಧುರೈ ಔಷಧಾಲಯದಲ್ಲಿದ್ದ ಗಿಲ್ ಎಂಬ ಬ್ರಿಟಿಷ್ ವೈದ್ಯರಿಂದ. 1846ರಲ್ಲಿ ಅಲ್ಲಿಯೇ ಇದ್ದ ಕೋಲ್‌ಬ್ರೂಕ್ ಇದನ್ನು ಮದುರಾ ಪಾದ ಎಂದು ಕರೆದರು. ಒಂದು ಊರಿನ ಹೆಸರು ಕಾಯಿಲೆಗೆ ಅಂಟಿಕೊಂಡಿತು, ಉಳಿದ ಊರುಗಳು ತಮಗೆ ಸಂಬಂಧವಿಲ್ಲವೆಂಬಂತೆ ಬಚಾವಾದವು. ಆಗ ಬಳ್ಳಾರಿಯೂ ಅದೇ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಹೋದ ಸೀಮೆ ಅದು, ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ರಾಯಚೂರು, ಕೊಪ್ಪಳ ನಿಜಾಮನ ಆಳ್ವಿಕೆಯಲ್ಲೇ ಉಳಿದಿದ್ದವು. ಒಂದೇ ಬಗೆಯ ಮುಳ್ಳು, ಒಂದೇ ಬಗೆಯ ಬರಿಗಾಲು, ದಫ್ತರಗಳು ಮಾತ್ರ ಬೇರೆ ಬೇರೆ.

ಮುಂದಿನ ಅಧ್ಯಾಯದ ನಾಯಕ ಹೆನ್ರಿ ವ್ಯಾಂಡೈಕ್ ಕಾರ್ಟರ್. 1858ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಇಂದಿಗೂ ಮರುಮುದ್ರಣಗೊಳ್ಳುತ್ತಿರುವ ಗ್ರೇ ಅವರ ಅಂಗರಚನಾಶಾಸ್ತ್ರದ ಚಿತ್ರಗಳನ್ನು ಬರೆದವರು ಇವರೇ. ಮುಖಪುಟದಲ್ಲಿ ಇವರ ಹೆಸರು ತನ್ನ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ ಇರಬೇಕೆಂದು ಗ್ರೇ ಪಟ್ಟು ಹಿಡಿದಿದ್ದರಂತೆ. ಪುಸ್ತಕ ಹೊರಬರುವ ವರ್ಷವೇ ಕಾರ್ಟರ್ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮುಂಬಯಿಗೆ ಬಂದರು. ಅಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಶಸ್ತ್ರಚಿಕಿತ್ಸಕರು ಕತ್ತರಿಸಿ ತೆಗೆದ ಪಾದಗಳನ್ನು ಸೀಳಿ ನೋಡತೊಡಗಿದರು. ಆ ಕಾಲದಲ್ಲಿ ಈ ಕಾಯಿಲೆಗೆ ಇದ್ದ ಚಿಕಿತ್ಸೆ ಗರಗಸ ಒಂದೇ. ಅಂಗಗಳನ್ನು ಬರೆದು ಪಳಗಿದ ಆ ಕೈ ಪಾದದೊಳಗಿನ ಸುರಂಗಗಳನ್ನೂ ಅವುಗಳಲ್ಲಿ ತುಂಬಿದ್ದ ಕಾಳುಗಳನ್ನೂ ಚಿತ್ರಿಸಿತು. ಇದು ಶಿಲೀಂಧ್ರದಿಂದ ಬರುವ ಕಾಯಿಲೆ ಎಂದು ಅವರು 1860ರಿಂದ ಬರೆಯುತ್ತ ಬಂದರು, ಮೈಸಿಟೋಮಾ ಎಂಬ ಹೆಸರನ್ನೂ ಅವರೇ ಕೊಟ್ಟರು, 1874ರಲ್ಲಿ ಬಣ್ಣದ ಚಿತ್ರಗಳಿರುವ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಸೂಕ್ಷ್ಮಜೀವಿಯೊಂದು ಮನುಷ್ಯನ ಕಾಯಿಲೆಗೆ ಕಾರಣವಾಗಬಹುದು ಎಂಬುದನ್ನೇ ಎಷ್ಟೋ ವೈದ್ಯರು ಇನ್ನೂ ಒಪ್ಪಿರದ ಕಾಲ ಅದು.

ಈ ಕಥೆಯಲ್ಲಿ ನನಗೆ ಇಷ್ಟವಾದ ಒಂದು ಎಡವಟ್ಟೂ ಇದೆ. ಕಾರ್ಟರ್ ಸಂಗ್ರಹಿಸಿದ ಮಾದರಿಯ ಮೇಲೆ ಗುಲಾಬಿ ಬಣ್ಣದ ಬೂಷ್ಟು ಬೆಳೆಯಿತು. ಇಂಗ್ಲೆಂಡಿನ ಹೆಸರಾಂತ ಶಿಲೀಂಧ್ರತಜ್ಞ, ಪಾದ್ರಿ ಬರ್ಕ್ಲಿ, ಅದಕ್ಕೆ ಕಾರ್ಟರ್ ಹೆಸರನ್ನೇ ಸೇರಿಸಿ ಕಯೋನಿಫೆ ಕಾರ್ಟರಿ ಎಂದು ನಾಮಕರಣ ಮಾಡಿದರು. ಆಮೇಲೆ ನೋಡಿದರೆ ಆ ಬೂಷ್ಟಿಗೂ ಕಾಯಿಲೆಗೂ ಸಂಬಂಧವಿರಲಿಲ್ಲ. ಅದು ಹೊರಗಿನಿಂದ ಬಂದು ಕುಳಿತದ್ದು. ಮಾದರಿಯ ಮೇಲೆ ಬೆಳೆದದ್ದೆಲ್ಲ ಕಾಯಿಲೆಯ ಕಾರಣವಲ್ಲ ಎಂಬ ಪಾಠವನ್ನು ನಮ್ಮ ಪ್ರಯೋಗಾಲಯಗಳು ಇಂದಿಗೂ ಕಲಿಯಬೇಕು. ತೂತಿನ ಬಾಯಿಗೆ ಹತ್ತಿ ಸವರಿ ಕಳುಹಿಸಿದರೆ ಸಿಗುವುದು ಚರ್ಮದ ಮೇಲಿನ ಸಾಮಾನ್ಯ ಬ್ಯಾಕ್ಟೀರಿಯಾ. ಅದಕ್ಕೆ ವಾರದ ಮಾತ್ರೆ ಕೊಟ್ಟು ಕಳುಹಿಸುತ್ತಾರೆ. ಒಳಗಿನ ಕಾಳು ಇದ್ದಲ್ಲೇ ಇರುತ್ತದೆ.

1894ರಲ್ಲಿ ಇಬ್ಬರು ಸೇರಿ ಒಂದು ಮುಖ್ಯ ಪ್ರಬಂಧ ಬರೆದರು: ರೂಬರ್ಟ್ ಬಾಯ್ಸ್ ಮತ್ತು ಭಾರತೀಯ ವೈದ್ಯ ಎನ್. ಎಫ್. ಸರ್ವೆಯರ್. ಮದುರಾ ರೋಗಕ್ಕೆ ಕಾರಣವಾಗುವ ಜೀವಿ ಒಂದೇ ಅಲ್ಲ, ಒಂದಕ್ಕಿಂತ ಹೆಚ್ಚಿವೆ ಎಂಬುದು ಅವರ ವಾದ. ಅದೇ ವರ್ಷ ಅಲ್ಜೀರಿಯಾದ ರೋಗಿಯೊಬ್ಬರ ಮಾದರಿಯಿಂದ ವಿನ್ಸೆಂಟ್ ಎಂಬ ಫ್ರೆಂಚ್ ವೈದ್ಯರು ಒಂದು ಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಇಂದು ಅದರ ಹೆಸರು ಆಕ್ಟಿನೊಮದುರಾ ಮದುರೆ, ಅದು ಶಿಲೀಂಧ್ರವಲ್ಲ, ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ. ಕಪ್ಪು ಕಾಳಿನ ನಿಜವಾದ ಶಿಲೀಂಧ್ರಕ್ಕೆ 1905ರಲ್ಲಿ ಬ್ರಂಪ್ಟ್ ಮದುರೆಲ್ಲ ಎಂಬ ಕುಲನಾಮ ಕೊಟ್ಟರು. 1913ರಲ್ಲಿ ಪಿನಾಯ್ ಎಂಬ ಫ್ರೆಂಚ್ ವಿಜ್ಞಾನಿ ಇಡೀ ಕಾಯಿಲೆಯನ್ನು ಎರಡು ಗುಂಪು ಮಾಡಿಟ್ಟರು: ಶಿಲೀಂಧ್ರದಿಂದ ಬರುವುದು ಒಂದು, ಬ್ಯಾಕ್ಟೀರಿಯಾದಿಂದ ಬರುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಒಂದೇ ಬಾವು, ಒಂದೇ ತೂತು. ಆದರೆ ಒಂದರ ಔಷಧ ಇನ್ನೊಂದನ್ನು ಮುಟ್ಟುವುದೂ ಇಲ್ಲ.

1913ರಲ್ಲಿ ಬೇರ್ಪಡಿಸಿಟ್ಟ ಈ ವಿಷಯವನ್ನು ನಮ್ಮ ತಾಲ್ಲೂಕುಗಳಲ್ಲಿ ಇಂದಿಗೂ ಯಾರೂ ಕೇಳುತ್ತಿಲ್ಲ ಎಂಬುದೇ ನನ್ನ ದೂರು.

ಏಕೆ ಕೇಳಬೇಕು ಎಂದರೆ, ಬ್ಯಾಕ್ಟೀರಿಯಾದ ಬಗೆ ವಾಸಿಯಾಗುತ್ತದೆ. ಮೆಕ್ಸಿಕೋದ ಮಾಂಟೆರೆಯಲ್ಲಿ ಆಲಿವೇರಿಯೊ ವೆಲ್ಷ್ ಅವರ ತಂಡ 1980ರ ದಶಕದಲ್ಲಿ ಅಮಿಕಾಸಿನ್ ಚುಚ್ಚುಮದ್ದು ಮತ್ತು ಕೋಟ್ರೈಮಾಕ್ಸಜೋಲ್ ಮಾತ್ರೆಗಳನ್ನು ಕೂಡಿಸಿ ಕೊಟ್ಟು, ಕತ್ತರಿಸಬೇಕೆಂದು ತೀರ್ಮಾನವಾಗಿದ್ದ ಕಾಲುಗಳನ್ನು ಉಳಿಸಿತು. ದೆಹಲಿಯ ಏಮ್ಸ್‌ನಲ್ಲಿ ಎಂ. ರಾಮಂ ಮತ್ತು ಸಂಗಡಿಗರು ಪೆನಿಸಿಲಿನ್, ಜೆಂಟಾಮೈಸಿನ್, ಕೋಟ್ರೈಮಾಕ್ಸಜೋಲ್ ಸೇರಿದ ಎರಡು ಹಂತದ ಕ್ರಮವನ್ನು 2000ದಲ್ಲಿ ಪ್ರಕಟಿಸಿದರು. ಇವು ಯಾವುವೂ ವಿದೇಶದಿಂದ ತರಿಸಬೇಕಾದ ಔಷಧಗಳಲ್ಲ, ಸರ್ಕಾರಿ ಆಸ್ಪತ್ರೆಗಳಿಗೆ ಹೊಸವೂ ಅಲ್ಲ. ಮೂತ್ರಪಿಂಡ ಮತ್ತು ಕಿವಿಯ ಮೇಲೆ ಕಣ್ಣಿಟ್ಟು, ತಿಂಗಳುಗಟ್ಟಲೆ ತಪ್ಪದೆ ಕೊಡಬೇಕು, ಅಷ್ಟೆ. ಭಾರತದೊಳಗೇ ನೋಡಿದರೆ, ರಾಜಸ್ಥಾನದ ಒಣಸೀಮೆಯಲ್ಲಿ ಶಿಲೀಂಧ್ರದ ಬಗೆ ಹೆಚ್ಚು. ದಕ್ಷಿಣದಿಂದ ಬಂದ ವರದಿಗಳಲ್ಲಿ ಬ್ಯಾಕ್ಟೀರಿಯಾ ಬಗೆಯದೇ ಮೇಲುಗೈ. ಇದರ ಅರ್ಥವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಭಾಗದಲ್ಲಿ ಕಾಲು ಕಳೆದುಕೊಳ್ಳುತ್ತಿರುವವರಲ್ಲಿ ಹಲವರಿಗೆ ಔಷಧದಿಂದಲೇ ಗುಣವಾಗುವ ಕಾಯಿಲೆ ಇದ್ದಿರಬಹುದು.

ಶಿಲೀಂಧ್ರದ ಬಗೆ ಕಠಿಣ. ಇಟ್ರಾಕೊನಜೋಲ್ ಅನ್ನು ಒಂದು ವರ್ಷ, ಅದಕ್ಕೂ ಹೆಚ್ಚು ಕಾಲ, ಯಕೃತ್ತಿನ ಪರೀಕ್ಷೆ ಮಾಡಿಸುತ್ತ ನುಂಗಬೇಕು; ಗಂಟು ಸಣ್ಣದಿರುವಾಗಲೇ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ತಡವಾದರೆ ಮರುಕಳಿಸುತ್ತದೆ. ಇದೇ ಇಟ್ರಾಕೊನಜೋಲ್ ಹುಳುಕಡ್ಡಿಗೆಂದು ನಮ್ಮ ಪೇಟೆಗಳ ಮೆಡಿಕಲ್ ಅಂಗಡಿಗಳಲ್ಲಿ ಚೀಟಿಯಿಲ್ಲದೆಯೂ ಬೇಕಾದಷ್ಟು ಮಾರಾಟವಾಗುತ್ತದೆ. ವರ್ಷವಿಡೀ ಅದನ್ನು ನುಂಗಲೇಬೇಕಾದ ಕೂಲಿಯವನು ಮಾತ್ರ ಎರಡನೆಯ ತಿಂಗಳಿಗೆ ದುಡ್ಡಿಲ್ಲದೆ ಬಿಡುತ್ತಾನೆ. ಸುಡಾನಿನ ಖಾರ್ಟೂಮಿನಲ್ಲಿ 2017ರಲ್ಲಿ ಶುರುವಾದ ಪರೀಕ್ಷೆಯೊಂದರಲ್ಲಿ ಫೊಸ್‌ರವುಕೊನಜೋಲ್ ಎಂಬ ಹೊಸ ಔಷಧವನ್ನು 104 ರೋಗಿಗಳ ಮೇಲೆ ಇಟ್ರಾಕೊನಜೋಲ್ ಜೊತೆ ಹೋಲಿಸಿ ನೋಡಿದರು. ಅದನ್ನು ನುಂಗಬೇಕಾದದ್ದು ವಾರಕ್ಕೊಮ್ಮೆ, ಗುಣವಾಗುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ದೂರದ ಹಳ್ಳಿಯ ರೋಗಿಗೆ ವಾರಕ್ಕೊಮ್ಮೆ ಎಂಬುದು ಎಷ್ಟು ದೊಡ್ಡ ಅನುಕೂಲ ಎಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಕುರಿ ಕಾಯುತ್ತಿದ್ದ. ನಮ್ಮಲ್ಲಿ ಕುರಿದೊಡ್ಡಿಗೆ ಜಾಲಿಯ ಕಂಟಿಗಳನ್ನೇ ಒಟ್ಟಿ ಬೇಲಿ ಕಟ್ಟುತ್ತಾರೆ. ಒಳಗೆ ಹಿಕ್ಕೆ, ಸುತ್ತ ಮುಳ್ಳು, ನಡುವೆ ಬರಿಗಾಲು. ಸುಡಾನಿನಲ್ಲಿಯೂ ದನಕುರಿಗಳಿಗೆ ಇಂತಹದೇ ಮುಳ್ಳುಬೇಲಿಯ ದೊಡ್ಡಿಗಳಿವೆ, ಅಲ್ಲಿನ ಸಂಶೋಧಕರು ಮಣ್ಣಿನಲ್ಲಿಯೂ ಮುಳ್ಳಿನಲ್ಲಿಯೂ ಈ ಶಿಲೀಂಧ್ರದ ವಂಶವಾಹಿ ಕುರುಹನ್ನು ಪತ್ತೆ ಮಾಡಿದ್ದಾರೆ ಎಂದು ಆಮೇಲೆ ಓದಿದೆ. ನನ್ನ ಅಣ್ಣನ ಪಾದ ಊದಿದಾಗ ನಾನು ದೂರದ ಜಿಲ್ಲೆಯಲ್ಲಿ ನೌಕರಿಯಲ್ಲಿದ್ದೆ. ಮೊದಲು ಊರಿನ ನಾಟಿ ವೈದ್ಯರು ಕಾಯಿಸಿದ ಕಬ್ಬಿಣದಿಂದ ಬರೆ ಎಳೆದರು. ಪೇಟೆಯ ಒಂದು ಆಸ್ಪತ್ರೆಯಲ್ಲಿ ಆನೆಕಾಲು ಎಂದರು. ಇನ್ನೊಂದರಲ್ಲಿ ಮೂಳೆಯ ಕ್ಷಯ ಎಂದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದರು. ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಕತ್ತರಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲವೇನೋ. ಆದರೆ ತೆಗೆದ ಭಾಗದ ಚೂರನ್ನೂ ಪ್ರಯೋಗಾಲಯಕ್ಕೆ ಕಳುಹಿಸಲಿಲ್ಲ. ಬಿಡುಗಡೆ ಪತ್ರದಲ್ಲಿ ‘ದೀರ್ಘಕಾಲದ ಸೋಂಕು’ ಎಂದು ಬರೆದಿದೆ. ಆ ಎರಡು ಪದಗಳ ಹಿಂದೆ ಎಷ್ಟು ಕಾಲುಗಳಿವೆ ಎಂಬುದನ್ನು ಯಾವ ಕಂಪ್ಯೂಟರೂ ಲೆಕ್ಕ ಮಾಡಿ ಕೊಡಲಾರದು. ಅವನಿಗಿದ್ದದ್ದು ಶಿಲೀಂಧ್ರವೋ ಬ್ಯಾಕ್ಟೀರಿಯಾವೋ, ಗುಣವಾಗುತ್ತಿತ್ತೋ ಇಲ್ಲವೋ, ಈಗ ತಿಳಿಯುವ ಬಗೆಯೇ ಇಲ್ಲ. ಹಿಂಡನ್ನು ಮಾರಿ ಈಗ ಊರ ಬಾಗಿಲಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ.

ಇದಕ್ಕೆ ವಿರುದ್ಧವಾದದ್ದನ್ನೂ ಕಂಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಗೆ ಚರ್ಮರೋಗ ವೈದ್ಯೆಯೊಬ್ಬರು ಬಂದಿದ್ದರು. ಇಂತಹ ರೋಗಿ ಬಂದರೆ ಗಾಯಕ್ಕೆ ರಾತ್ರಿಯಿಡೀ ಬಟ್ಟೆ ಕಟ್ಟಿಸಿ, ಬೆಳಗ್ಗೆ ಆ ಬಟ್ಟೆಯನ್ನು ಬಿಸಾಡದೆ ಹಾಗೆಯೇ ಪ್ರಯೋಗಾಲಯಕ್ಕೆ ಕಳುಹಿಸುತ್ತಿದ್ದರು. ಬಟ್ಟೆಯಲ್ಲಿ ಸಿಕ್ಕ ಕಾಳನ್ನು ಸೂಜಿಯಿಂದ ಎತ್ತಿ, ಲವಣದ ನೀರಿನಲ್ಲಿ ತೊಳೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಮೇಲೊಂದು ಗಾಜು ಇಟ್ಟು ಒತ್ತಿ ಅರೆಯಬೇಕು. ದಪ್ಪ ಎಳೆಗಳು, ಅಂದರೆ 2 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ಹೆಚ್ಚು ಅಗಲದವು, ಕಂಡರೆ ಶಿಲೀಂಧ್ರ. ಇನ್ನೊಂದು ಕಾಳನ್ನು ಎರಡು ಗಾಜುಗಳ ನಡುವೆ ಅರೆದು, ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಗ್ರಾಂ ಬಣ್ಣ ಹಾಕಿದಾಗ 1 ಮೈಕ್ರಾನಿಗೂ ತೆಳುವಾದ ನೇರಳೆ ಎಳೆಗಳು ಕಂಡರೆ ಬ್ಯಾಕ್ಟೀರಿಯಾ. ಕಫ ಪರೀಕ್ಷೆ ಮಾಡುವ ಯಾವ ಪ್ರಯೋಗಾಲಯದಲ್ಲಿಯೂ ಈ ಸಾಮಗ್ರಿ ಇದೆ, ಈ ಕೈಚಳಕವೂ ಇದೆ. ಕಾಳಿನ ಬಣ್ಣವೇ ಅರ್ಧ ಹೇಳಿಬಿಡುತ್ತದೆ: ಕಪ್ಪಾದರೆ ಶಿಲೀಂಧ್ರ, ಕೆಂಪಾದರೆ ಬ್ಯಾಕ್ಟೀರಿಯಾ, ಬಿಳಿ, ಹಳದಿ ಎರಡರಲ್ಲಿ ಯಾವುದೂ ಇರಬಹುದು. ಯಾವ ಜಾತಿ ಎಂದು ಖಚಿತವಾಗಲು ಆಳದ ಮಾಂಸದ ಚೂರು, ಜೀವಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ, ವಂಶವಾಹಿ ಗುರುತಿಸುವ ಪಿಸಿಆರ್ ಪರೀಕ್ಷೆ ಬೇಕಾಗುತ್ತವೆ. ಆದರೆ ಎರಡರಲ್ಲಿ ಯಾವ ಗುಂಪು ಎಂಬ ಮೊದಲ ಉತ್ತರವನ್ನು ತಾಲ್ಲೂಕು ಆಸ್ಪತ್ರೆಯೇ ಕೊಡಬಲ್ಲದು.

ಮುಳ್ಳಿನ ಬಗ್ಗೆಯೂ ಒಂದು ಮಾತು. ನಮ್ಮ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ, ನಮ್ಮಲ್ಲಿಗೆ ಬಂದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಗಿಲ್ ಬರೆದಾಗ ಅದು ಇನ್ನೂ ಬಂದಿರಲಿಲ್ಲ. ಹಾಗಾಗಿ ಎಲ್ಲವನ್ನೂ ಅದರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಕರಿಜಾಲಿ, ಬಾರೆ, ಕತ್ತಾಳೆ, ಹೊಲದ ಕೂಳೆ, ಎಲ್ಲವೂ ಚುಚ್ಚುತ್ತವೆ. ಚಪ್ಪಲಿ ಹಾಕಿಕೊಳ್ಳಿ ಎಂಬ ಉಪದೇಶವನ್ನು ಭಿತ್ತಿಪತ್ರದಲ್ಲಿ ಅಚ್ಚು ಹಾಕಿಸುವ ಮೊದಲು ಇಲಾಖೆಯವರು ಸಿಂಧನೂರು, ಗಂಗಾವತಿಯ ಕಡೆ ನಾಟಿಯ ಗದ್ದೆಗೆ ಇಳಿದು ನೋಡಬೇಕು. ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಎತ್ತಲಾಗುವುದಿಲ್ಲ. ಒಣಗಿದ ಜಾಲಿ ಮುಳ್ಳು ಅಗ್ಗದ ರಬ್ಬರಿನ ಅಟ್ಟೆಯನ್ನು ದಾಟಿ ಬರುತ್ತದೆ. ಕುಷ್ಠರೋಗ ಕಾರ್ಯಕ್ರಮದಲ್ಲಿ ಮೆತ್ತನೆಯ ರಬ್ಬರಿನ ವಿಶೇಷ ಪಾದರಕ್ಷೆ ಕೊಡುವ ಪದ್ಧತಿ ಇದೆ. ಈಗಾಗಲೇ ಮೈಸಿಟೋಮಾ ಆದವರಿಗೂ ಅದನ್ನು ಕೊಡಬಹುದು. ಉಳಿದವರಿಗೆ ಹೇಳಬೇಕಾದದ್ದು ಒಂದೇ: ಮುಳ್ಳು ಚುಚ್ಚಿದ ಜಾಗದಲ್ಲಿ ಗಂಟು ಉಳಿದರೆ, ನೋಯದಿದ್ದರೂ, ತೋರಿಸಿಕೊಳ್ಳಿ.

ಇಲಾಖೆಗೆ ಮನಸ್ಸು ಬಂದರೆ ಎಷ್ಟು ಬೇಗ ಕೆಲಸವಾಗುತ್ತದೆ ಎಂಬುದನ್ನು 2021ರಲ್ಲಿ ನೋಡಿದ್ದೇವೆ. ಕೊರೊನಾದ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂಬ ಹೆಸರಿನಲ್ಲಿ ಮ್ಯೂಕರ್ ಸೋಂಕು ಹಬ್ಬಿದಾಗ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸುವಂತೆ ಕೇಂದ್ರ ಸರ್ಕಾರ ಮೇ ತಿಂಗಳಲ್ಲೇ ರಾಜ್ಯಗಳಿಗೆ ಹೇಳಿತು. ಆಂಫೊಟೆರಿಸಿನ್ ಎಂಬ ಔಷಧದ ಹೆಸರು ಹಳ್ಳಿಯ ಚಹಾದಂಗಡಿಯವರೆಗೂ ತಲುಪಿತು. ಅದು ಸರಿಯಾದ ಕೆಲಸವೇ. ವಾರಗಳಲ್ಲಿ ಕೊಲ್ಲುವ ಶಿಲೀಂಧ್ರಕ್ಕೆ ಆ ಅವಸರ ಬೇಕಿತ್ತು. ವರ್ಷಗಟ್ಟಲೆ ನಿಧಾನವಾಗಿ ತಿನ್ನುವ ಶಿಲೀಂಧ್ರಕ್ಕೆ ಅದರ ನೂರರಲ್ಲೊಂದು ಭಾಗದ ಅವಸರವೂ ಇಲ್ಲವೆಂದರೆ, ನಾವು ಎಣಿಸುವುದು ಸಾವನ್ನು ಮಾತ್ರ, ಕಾಲನ್ನಲ್ಲ ಎಂದಾಗುತ್ತದೆ.

ಜಗತ್ತಿನ ಮಟ್ಟದಲ್ಲಿ ಕಾಗದ ಸಿದ್ಧವಿದೆ. 2016ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಮೈಸಿಟೋಮಾವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಆದ್ಯತೆಯ ಶಿಲೀಂಧ್ರಗಳ ಪಟ್ಟಿಯಲ್ಲಿ ಈ ಕಾಯಿಲೆಯ ಶಿಲೀಂಧ್ರಗಳು ಹೆಚ್ಚಿನ ಆದ್ಯತೆಯ ಗುಂಪಿನಲ್ಲಿವೆ. ಅದೇ ವರ್ಷ ಬಂದ ಇನ್ನೊಂದು ಮಾರ್ಗಸೂಚಿಯಲ್ಲಿ, ಚರ್ಮದ ಮೇಲೆ ಕಾಣಿಸಿಕೊಳ್ಳುವ ನಿರ್ಲಕ್ಷಿತ ಕಾಯಿಲೆಗಳನ್ನೆಲ್ಲ ಬೇರೆ ಬೇರೆಯಾಗಿ ಹುಡುಕದೆ ಒಂದೇ ಸಮೀಕ್ಷೆಯಲ್ಲಿ ಹುಡುಕಿ ಎಂದು ಹೇಳಿದೆ. ನಾನು ಕೇಳುತ್ತಿರುವುದು ಅದನ್ನೇ. ಈ ಕಾಯಿಲೆ ಹೆಚ್ಚಾಗಿ ಕಾಣುವ ಪಟ್ಟಿ ದಕ್ಷಿಣ ಅಕ್ಷಾಂಶ 15 ಡಿಗ್ರಿಯಿಂದ ಉತ್ತರ ಅಕ್ಷಾಂಶ 30 ಡಿಗ್ರಿಯವರೆಗೆ. ನಮ್ಮ ಮೂರು ಜಿಲ್ಲೆಗಳು ಉತ್ತರ 15, 16 ಡಿಗ್ರಿಯ ಆಸುಪಾಸಿನಲ್ಲಿವೆ, ಸುಡಾನಿನ ಖಾರ್ಟೂಮಿನ ಅಕ್ಷಾಂಶವೂ ಹೆಚ್ಚುಕಡಿಮೆ ಇದೇ.

ಆ ಖಾರ್ಟೂಮಿನಲ್ಲಿ 1991ರಿಂದ ಜಗತ್ತಿಗೇ ದಾರಿ ತೋರಿದ ಮೈಸಿಟೋಮಾ ಸಂಶೋಧನಾ ಕೇಂದ್ರವಿತ್ತು. ಪ್ರೊಫೆಸರ್ ಅಹ್ಮದ್ ಹಸನ್ ಫಹಲ್ ಅದನ್ನು ಕಟ್ಟಿದವರು. ಬಡರೋಗಿಗಳಿಗೆ ಚಿಕಿತ್ಸೆ, ಮಾದರಿಗಳ ಸಂಗ್ರಹ, ಹೊಸ ಔಷಧದ ಪರೀಕ್ಷೆ ಎಲ್ಲವೂ ಅಲ್ಲಿ ನಡೆಯುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಶುರುವಾದ ಯುದ್ಧದಲ್ಲಿ ಅದು ನಾಶವಾಯಿತು, ದಶಕಗಳ ಸಂಗ್ರಹ ಹೋಯಿತು. ಕಾಯಿಲೆಗೆ ಹೆಸರು ಕೊಟ್ಟ ದೇಶ ನಮ್ಮದು. ಯುದ್ಧವಿಲ್ಲ, ಬಾಂಬಿಲ್ಲ, ವೈದ್ಯಕೀಯ ಕಾಲೇಜುಗಳಿವೆ. ಆ ಖಾಲಿ ಜಾಗದ ಒಂದು ಮೂಲೆಯನ್ನಾದರೂ ನಾವು ತುಂಬಬೇಡವೇ?

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೂರರಲ್ಲಿ ಯಾವುದಾದರೂ ಒಂದನ್ನು ಈ ಕಾಯಿಲೆಯ ಉಲ್ಲೇಖ ಪ್ರಯೋಗಾಲಯ ಎಂದು ಗೊತ್ತುಮಾಡಿ, ತಾಲ್ಲೂಕುಗಳಿಂದ ಕಾಳು ಮತ್ತು ಮಾಂಸದ ಚೂರು ಅಲ್ಲಿಗೆ ತಲುಪುವ ವ್ಯವಸ್ಥೆ ಮಾಡಿ. ಕ್ಷಯದ ಕಫ ಮಾದರಿ ಸಾಗಿಸುವ ದಾರಿ ಈಗಾಗಲೇ ಇದೆ, ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಡಬ್ಬಿಗೆ ಜಾಗ ಸಿಗುತ್ತದೆ. ಸೋಂಕಿನ ಕಾರಣಕ್ಕೆ ಕತ್ತರಿಸಿದ ಯಾವ ಪಾದವೂ ಅಂಗಾಂಶ ಪರೀಕ್ಷೆಯಿಲ್ಲದೆ ವಿಲೇವಾರಿಯಾಗಬಾರದು ಎಂದು ಸರ್ಕಾರಿ, ಖಾಸಗಿ ಎರಡಕ್ಕೂ ಸುತ್ತೋಲೆ ಹೊರಡಿಸಿ. ಔಷಧವನ್ನು ಪೂರ್ತಿ ಅವಧಿಗೆ ಉಚಿತವಾಗಿ ಕೊಡಿ. ಅದನ್ನು ರೋಗಿ ಇರುವಲ್ಲಿಗೆ ತಲುಪಿಸುವ ಉಪಾಯವನ್ನೂ ಯೋಚಿಸಿ, ಏಕೆಂದರೆ ನಮ್ಮ ಜನ ಸುಗ್ಗಿ ಮುಗಿದೊಡನೆ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿಯೋ, ಕಬ್ಬು ಕಡಿಯುವ ಗುಂಪಿನಲ್ಲಿಯೋ ಇರುವವನು ಪ್ರತಿ ತಿಂಗಳ ಮಾತ್ರೆಗೆ ಯಲಬುರ್ಗಾಕ್ಕೆ ಬಂದು ಹೋಗಲಾರ. ಕ್ಷಯರೋಗಿ ಊರು ಬದಲಿಸಿದರೆ ಅವನ ದಾಖಲೆಯೂ ಅವನ ಜೊತೆ ಹೋಗುತ್ತದೆ. ಆ ಪದ್ಧತಿಗೆ ಇವರನ್ನೂ ಸೇರಿಸಬಹುದು. ಹಣದ ಮಾತು ಬಂದರೆ, ಈ ಭಾಗದ ಹಿಂದುಳಿದಿರುವಿಕೆಯನ್ನು ನೀಗಿಸಲೆಂದೇ ಸಂವಿಧಾನದ 371ಜೆ ವಿಧಿ ಬಂದಿದೆ, ಅದರಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಮುದಾಯ ಭವನಗಳ ಪಟ್ಟಿಯ ನಡುವೆ ಒಂದು ಪ್ರಯೋಗಾಲಯಕ್ಕೆ ಸ್ಥಳವಿಲ್ಲ ಎಂದು ಮಂಡಳಿ ಹೇಳಲಾರದು ಎಂದುಕೊಂಡಿದ್ದೇನೆ.

ಇವೆಲ್ಲ ಒಮ್ಮೆಗೇ ಆಗುವುದಿಲ್ಲ ಎಂದು ನನಗೂ ಗೊತ್ತು. ಮೊದಲ ಕೆಲಸಕ್ಕೆ ಮಾತ್ರ ಹೊಸ ಹುದ್ದೆಯೂ ಬೇಡ, ಟೆಂಡರೂ ಬೇಡ. ಮುಂದಿನ ಕುಷ್ಠರೋಗ ಪತ್ತೆ ಅಭಿಯಾನದ ನಮೂನೆ ಅಚ್ಚಿಗೆ ಹೋಗುವ ಮೊದಲು ಪಾದದ ಬಾವು, ತೂತು, ಕಾಳಿನ ಪ್ರಶ್ನೆಯನ್ನು ಅದರಲ್ಲಿ ಸೇರಿಸಿ, ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಇಂತಹ ಪಾದದ ನಾಲ್ಕಾರು ಚಿತ್ರಗಳನ್ನು ತೋರಿಸಿ. ಕಾಳನ್ನು ಅರೆದು ನೋಡುವ ಬಗೆಯನ್ನು ತಾಲ್ಲೂಕಿನ ತಂತ್ರಜ್ಞರಿಗೆ ಕಲಿಸಲು ಯಾರಾದರೂ ಬೇಕಿದ್ದರೆ ನಾನು ಸಿದ್ಧನಿದ್ದೇನೆ. ಬಸ್ಸಿನ ಖರ್ಚು ನನ್ನದೇ ಇರಲಿ.

ವಂದನೆಗಳೊಂದಿಗೆ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ